ಮೂಳೆಕೋಶಗಳು ಮತ್ತು ರಕ್ತದ ಆಕರಕೋಶಗಳು

ಅಸ್ಥಿಮಜ್ಜೆಯಲ್ಲಿ ನೆಲೆಸಿ ರಕ್ತದ ಎಲ್ಲ ಬಗೆಯ ಕಣಗಳಿಗೂ ಮೂಲವಾಗುವ ಆಕರಕೋಶಗಳ ಮೇಲೆ ಮೂಳೆಯ ಜೀವಕೋಶಗಳು ಬೀರುವ ಪ್ರಭಾವ. ವಯಸ್ಕರಲ್ಲಿ ರಕ್ತ ಹುಟ್ಟುವ ಕೆಂಪು ಮಜ್ಜೆ ಮುಖ್ಯವಾಗಿ ಸೊಂಟದ ಮೂಳೆ, ಬೆನ್ನೆಲುಬು, ಎದೆಮೂಳೆ ಮತ್ತು ಪಕ್ಕೆಲುಬುಗಳಲ್ಲಿರುತ್ತದೆ. ಅಲ್ಲಿ ದಿನವೊಂದಕ್ಕೆ ಸುಮಾರು 20,000 ಕೋಟಿ ಕೆಂಪು ಕಣಗಳು ತಯಾರಾಗುತ್ತವೆ. ತಿಪಟೂರು ಸೀಮೆಯ ಅಟ್ಟಗಳಲ್ಲಿ ಒಣಗುವ ಉಂಡೆ ಕೊಬ್ಬರಿ ಚಿಪ್ಪಿನಿಂದ ಬಿಡಿಸಿಕೊಂಡು ಒಳಗೇ ಗಲಗಲ ಅಲುಗುತ್ತದೆ. ಮಜ್ಜೆ ಮೂಳೆಯಿಂದ ಹಾಗೆ ಬೇರೆಯಾಗುವುದಿಲ್ಲ. ಎರಡರ ನಡುವೆ ರಕ್ತನಾಳಗಳೂ ನರಗಳೂ ಹರಡಿರುತ್ತವೆ, ರಾಸಾಯನಿಕ ಸಂಕೇತಗಳು ಸದಾ ಓಡಾಡುತ್ತಿರುತ್ತವೆ.

ಮ್ಯಾಂಚೆಸ್ಟರಿನ ಸಂಶೋಧಕ ರೇ ಸ್ಕೋಫೀಲ್ಡ್ 1978ರಲ್ಲಿ ಈ ಸಂಬಂಧಕ್ಕೊಂದು ಸಿದ್ಧಾಂತ ಕೊಟ್ಟರು. ಗುಲ್ಮದಲ್ಲಿ ಬೆಳೆದ ರಕ್ತಮೂಲ ಕೋಶಗಳು ಮಜ್ಜೆಯ ಕೋಶಗಳಷ್ಟು ಕಾಲ ಸಾಮರ್ಥ್ಯ ಉಳಿಸಿಕೊಳ್ಳುತ್ತಿರಲಿಲ್ಲ. ಹಾಗಾಗಿ ಆಕರಕೋಶದ ಗುಣವನ್ನು ಅದು ಕೂತ ಜಾಗವೂ ಕಾಯುತ್ತದೆ ಎಂದು ಅವರು ವಾದಿಸಿದರು. ಆ ಜಾಗಕ್ಕೆ ‘ನೆಲೆ’ ಎನ್ನಬಹುದು. ನೆಲೆ ತಪ್ಪಿದ ಕೋಶ ಬಲಿತು ಯಾವುದೋ ಒಂದು ಬಗೆಯ ರಕ್ತಕಣವಾಗಿಬಿಡುತ್ತದೆ.

ಈ ನೆಲೆಯನ್ನು ಒದಗಿಸುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಕಾಲು ಶತಮಾನ ತಡವಾಯಿತು. 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಟ್ಟಿಗೆ ಬಂದ ಎರಡು ಪ್ರಬಂಧಗಳು ಮೂಳೆ ಕಟ್ಟುವ ಆಸ್ಟಿಯೋಬ್ಲಾಸ್ಟ್ ಕೋಶಗಳತ್ತ ಬೆರಳು ಮಾಡಿದವು: ಇಲಿಗಳಲ್ಲಿ ಆ ಕೋಶಗಳನ್ನು ಹೆಚ್ಚಿಸಿದಾಗ ಆಕರಕೋಶಗಳೂ ಹೆಚ್ಚಿದವು. ಮೂಳೆ ಗಟ್ಟಿಮಾಡುವ ಪ್ಯಾರಾಥೈರಾಯ್ಡ್ ಹಾರ್ಮೋನು ಕೊಟ್ಟು ರಕ್ತವನ್ನೂ ಹೆಚ್ಚಿಸಬಹುದೆಂಬ ಉತ್ಸಾಹ ಹುಟ್ಟಿತು. ಹೊಕ್ಕುಳಬಳ್ಳಿ ರಕ್ತದ ಕಸಿ ಪಡೆದ ರೋಗಿಗಳ ಸಣ್ಣ ಪ್ರಯೋಗವೊಂದರಲ್ಲಿ ಅದು ಫಲ ಕೊಡಲಿಲ್ಲ. ಅಷ್ಟರಲ್ಲಿ ಸೂಕ್ಷ್ಮದರ್ಶಕವೂ ಬೇರೆ ಕಥೆ ಹೇಳತೊಡಗಿತ್ತು. ಜೀವವಿಜ್ಞಾನಿ ಶಾನ್ ಮಾರಿಸನ್ ಅವರ ತಂಡ 2005ರಲ್ಲಿ ತೋರಿಸಿದಂತೆ, ಬಹುಪಾಲು ಆಕರಕೋಶಗಳು ಮಜ್ಜೆಯ ಸಣ್ಣ ರಕ್ತನಾಳಗಳಿಗೆ ಒತ್ತಿಕೊಂಡಿರುತ್ತವೆ. ಅವನ್ನು ಬದುಕಿಸಿಡುವ ‘ಎಸ್‌ಸಿಎಫ್’, ಹಿಡಿದಿಡುವ ‘ಸಿಎಕ್ಸ್‌ಸಿಎಲ್12’ ಎಂಬ ಪ್ರೋಟೀನುಗಳು ಹೆಚ್ಚಾಗಿ ಬರುವುದೂ ನಾಳದ ಸುತ್ತಲಿನ ಕೋಶಗಳಿಂದಲೇ. ಆದರೆ ಈ ಸುತ್ತುಕೋಶಗಳೇ ವಯಸ್ಕ ಪ್ರಾಣಿಯಲ್ಲಿ ಹೊಸ ಆಸ್ಟಿಯೋಬ್ಲಾಸ್ಟ್‌ಗಳನ್ನು ಹುಟ್ಟಿಸುವಂಥವು. ಮೂಳೆಯ ಪಾತ್ರ ಹೋಯಿತೆನ್ನುವ ಬದಲು, ಬಲಿತ ಕೋಶದಿಂದ ಅದರ ತಾಯಿಕೋಶಕ್ಕೆ ಸರಿಯಿತು ಎನ್ನುವುದೇ ಹೆಚ್ಚು ಸರಿ. ಬಲಿತ ಆಸ್ಟಿಯೋಬ್ಲಾಸ್ಟ್‌ಗಳ ಪಾಲಿಗೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಪೂರ್ವಜ ಕೋಶಗಳ ಪೋಷಣೆ ಉಳಿಯಿತು.

ಮೂಳೆಯೊಳಗೆ ಹುದುಗಿರುವ ಆಸ್ಟಿಯೋಸೈಟ್‌ಗಳೂ ಸುಮ್ಮನಿಲ್ಲ. ಕಸಿಗೆ ಮುನ್ನ ದಾನಿಗೆ ಕೊಡುವ ಜಿ-ಸಿಎಸ್‌ಎಫ್ ಚುಚ್ಚುಮದ್ದು ಆಕರಕೋಶಗಳನ್ನು ಮಜ್ಜೆಯಿಂದ ರಕ್ತಕ್ಕೆ ಇಳಿಸುತ್ತದೆ. ಆಸ್ಟಿಯೋಸೈಟ್‌ಗಳಿಲ್ಲದ ಇಲಿಗಳಲ್ಲಿ ಆ ಮದ್ದು ಸರಿಯಾಗಿ ಕೆಲಸ ಮಾಡದು. ಅಂದಹಾಗೆ, ನೆಲೆ ಎಂದರೆ ಮೂಳೆ ಇರಲೇಬೇಕೆಂದಿಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರಕ್ತಮೂಲ ಕೋಶಗಳನ್ನು ಇಲಿಯಲ್ಲೂ, ಮೂಳೆಯೇ ಇಲ್ಲದ ಹಣ್ಣುನೊಣದಲ್ಲೂ ಅಧ್ಯಯನ ಮಾಡಲಾಗಿದೆ.

ಮೂಳೆಗೂ ರಕ್ತಕ್ಕೂ ಇರುವ ಸಂಬಂಧ ಎಷ್ಟು ಬಿಗಿ ಎಂಬುದು ಕಾಯಿಲೆಯಲ್ಲಿ ಚೆನ್ನಾಗಿ ಕಾಣುತ್ತದೆ. ಆಸ್ಟಿಯೋಪೆಟ್ರೋಸಿಸ್ ಎಂಬ ಅಪರೂಪದ ಆನುವಂಶಿಕ ರೋಗದಲ್ಲಿ ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್‌ಗಳು ಕೆಲಸ ಮಾಡುವುದಿಲ್ಲ. ಮಜ್ಜೆಯ ಜಾಗ ಮುಚ್ಚಿಹೋಗಿ ಮಗುವಿಗೆ ರಕ್ತಹೀನತೆ ಬರುತ್ತದೆ, ಗುಲ್ಮ, ಯಕೃತ್ತು ಊದುತ್ತವೆ. ಆಸ್ಟಿಯೋಕ್ಲಾಸ್ಟ್‌ಗಳು ರಕ್ತದ ಆಕರಕೋಶದಿಂದಲೇ ಹುಟ್ಟುವುದರಿಂದ, ಇದರ ಹಲವು ಬಗೆಗಳಿಗೆ ಮಜ್ಜೆಯ ಕಸಿಯೇ ಮದ್ದು. ಶೈಶವದ ತೀವ್ರ ರೂಪ ಬರಬೇಕಾದರೆ ದೋಷಯುಕ್ತ ಜೀನು ತಂದೆತಾಯಿ ಇಬ್ಬರಿಂದಲೂ ಬರಬೇಕು; ದಂಪತಿ ರಕ್ತಸಂಬಂಧಿಗಳಾದರೆ ಆ ಸಾಧ್ಯತೆ ಹೆಚ್ಚು. ಬೆಂಗಳೂರು, ಮೈಸೂರುಗಳ ನವಜಾತ ಶಿಶುಗಳ ಕುರಿತು 1987ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಮೂರನೆಯ ಒಂದು ಪಾಲು ದಂಪತಿಗಳು ರಕ್ತಸಂಬಂಧಿಗಳಾಗಿದ್ದರು. ಸೋದರಮಾವ, ಅತ್ತೆಮಗನೊಂದಿಗಿನ ಮದುವೆಗಳು ವಾಡಿಕೆಯಾಗಿರುವ ಹಳೆ ಮೈಸೂರು ಸೀಮೆಯಲ್ಲಿ ಇಂಥ ರೋಗಗಳನ್ನು ವೈದ್ಯರು ಮರೆಯುವಂತಿಲ್ಲ.

ತಿಪಟೂರು ಸುತ್ತಲಿನ ತೆಂಗಿನ ನಾಡಿಗೆ ಇನ್ನೂ ಹತ್ತಿರದ ವಿಷಯ ನೀರಿನಲ್ಲಿರುವ ಫ್ಲೋರೈಡ್. ತುಮಕೂರು ಜಿಲ್ಲೆಯಲ್ಲಿ ಪಾವಗಡ, ಶಿರಾ, ಮಧುಗಿರಿಗಳು ಇದಕ್ಕೆ ಕುಖ್ಯಾತ. ಚಿಕ್ಕನಾಯಕನಹಳ್ಳಿಯ ಕೆಲವು ಕೊಳವೆಬಾವಿಗಳಲ್ಲೂ ಅದು ಮಿತಿ ಮೀರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಗರಿಷ್ಠ ಮಿತಿ. ಅದಕ್ಕಿಂತ ಬಹಳ ಹೆಚ್ಚಿನ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಫ್ಲೋರೈಡ್ ಆಸ್ಟಿಯೋಬ್ಲಾಸ್ಟ್‌ಗಳನ್ನು ಕೆರಳಿಸುತ್ತದೆ. ಮೂಳೆ ದಪ್ಪಗಾಗುತ್ತದೆ, ಬೆನ್ನು, ಕೀಲುಗಳು ಸೆಟೆಯುತ್ತವೆ. ಮೂಳೆ ಕಟ್ಟುವ ಕೋಶಗಳು ಹೆಚ್ಚಿದರೆ ರಕ್ತವೂ ಹೆಚ್ಚುತ್ತದೆಂಬ 2003ರ ಆಸೆಗೆ ಇಲ್ಲಿ ಬೆಂಬಲವಿಲ್ಲ: ತೀರಾ ಮುಂದುವರಿದ ಹಂತದಲ್ಲಿ ದಪ್ಪಗಾದ ಮೂಳೆ ಮಜ್ಜೆಯ ಜಾಗವನ್ನೇ ಕಿರಿದಾಗಿಸಬಲ್ಲದು. ಹಾಗೆಂದು ಈ ಸೀಮೆಯ ರಕ್ತಹೀನತೆಯನ್ನೆಲ್ಲ ಫ್ಲೋರೈಡಿನ ತಲೆಗೆ ಕಟ್ಟುವುದು ತಪ್ಪು; ಕಬ್ಬಿಣಾಂಶದ ಕೊರತೆಯೇ ಅದರ ದೊಡ್ಡ ಕಾರಣ. ಕೆರೆಗಳು ಒಣಗಿ, ತೋಟಕ್ಕೂ ಮನೆಗೂ ಆಳದ ಬೋರ್‌ವೆಲ್ಲೇ ಗತಿಯಾದ ಹಳ್ಳಿಗಳಲ್ಲಿ ನೀರಿನ ಪರೀಕ್ಷೆಯೂ ರಕ್ತಪರೀಕ್ಷೆಯೂ ಒಟ್ಟಿಗೆ ನಡೆಯಬೇಕಾಗುತ್ತದೆ.