ಕನ್ನಡ ನಾಡಿನ ಅಡುಗೆಮನೆ: ಪರಿಕರಗಳು ಮತ್ತು ದಿನಸಿ

ಕರ್ನಾಟಕದ ಮನೆಗಳಲ್ಲಿ ಬಳಕೆಯಲ್ಲಿದ್ದ, ಈಗಲೂ ಇರುವ ಕಲ್ಲು, ಒಲೆ, ಪಾತ್ರೆ, ಧಾನ್ಯ, ಸಂಬಾರ ಪದಾರ್ಥಗಳ ಇತಿಹಾಸ. 20ನೆಯ ಶತಮಾನದ ನಡುಭಾಗದವರೆಗೆ ಇಲ್ಲಿ ಒಂದು ಮನೆಗೆ ಯಾವ ಸಲಕರಣೆ ಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತಿದ್ದದ್ದು ಆ ಸೀಮೆಯ ಹೊಲದಲ್ಲಿ ಬೆಳೆಯುತ್ತಿದ್ದ ಧಾನ್ಯ. ರಾಗಿಯ ಸೀಮೆಯ ಮನೆಯಲ್ಲಿ ಇದ್ದದ್ದು ಜೋಳದ ಸೀಮೆಯಲ್ಲಿ ಇರಲಿಲ್ಲ; ಭತ್ತದ ಕರಾವಳಿಯದು ಮತ್ತೊಂದು ಲೆಕ್ಕ. ವಿದ್ಯುತ್ತು, ಪಡಿತರದ ಅಕ್ಕಿ, ಅಂಗಡಿಯ ಪುಡಿಗಳು ಬಂದ ಮೇಲೆ ಈ ಮೂರು ಅಡುಗೆಮನೆಗಳು ಒಂದನ್ನೊಂದು ಹೋಲತೊಡಗಿದವು.

ಕಲ್ಲು

ಉಳಿದುಬಂದಿರುವ ಅಡುಗೆ ಪರಿಕರಗಳಲ್ಲಿ ಅತ್ಯಂತ ಹಳೆಯದು ಅರೆಯುವ ಕಲ್ಲು. ಬಳ್ಳಾರಿ ಬಳಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಬಂಡೆಗಳ ಮೇಲೆಯೇ ಧಾನ್ಯ ಅರೆದು ಅರೆದು ಆದ ಗುಳಿಗಳಿವೆ. ಆ ಕಾಲದ ಜನ, ಅಂದರೆ ಸುಮಾರು ಕ್ರಿ.ಪೂ. 3000ದಿಂದ 1200ರ ನಡುವಿನವರು, ಉಣ್ಣುತ್ತಿದ್ದದ್ದು ರಾಗಿಯನ್ನಲ್ಲ. ಉತ್ಖನನದಲ್ಲಿ ದೊರೆತ ಸುಟ್ಟ ಕಾಳುಗಳು ಕೊರಲೆ, ಹುರುಳಿ, ಹೆಸರುಗಳನ್ನು ಮುಖ್ಯ ಆಹಾರವಾಗಿ ತೋರಿಸುತ್ತವೆ. ರಾಗಿಯೂ ಜೋಳವೂ ಆಫ್ರಿಕಾ ಮೂಲದವು. ಇಲ್ಲಿಗೆ ಆಮೇಲೆ ಬಂದು ನೆಲೆಯಾದವು. ಹೀಗಾಗಿ ‘ನಮ್ಮ ಅತ್ಯಂತ ಹಳೆಯ ಊಟ’ ಎಂಬ ಬಿರುದು ಮುದ್ದೆಗಿಂತ ಹುರುಳಿ ಸಾರಿಗೇ ಹೆಚ್ಚು ಸಲ್ಲುತ್ತದೆ.

ಗುಳಿಬಿದ್ದ ಬಂಡೆಯಿಂದ ಮನೆಯೊಳಗಿನ ಕಲ್ಲಿಗೆ ಬರುವಷ್ಟರಲ್ಲಿ ಕಲ್ಲಿನ ಕೆಲಸಗಳು ಬೇರೆಬೇರೆಯಾದವು. ಒಣ ಕಾಳನ್ನು ಹಿಟ್ಟು ಮಾಡಲು ಬೀಸುವ ಕಲ್ಲು: ಕೆಳಗಿನ ಬಟ್ಟು ಕದಲದು, ನಡುವಿನ ಗೂಟದ ಸುತ್ತ ಮೇಲಿನದು ತಿರುಗುತ್ತದೆ. ನೆನೆಸಿದ ಕಾಳು, ಕಾಯಿ, ಮಸಾಲೆಗೆ ಗುಂಡು ಕೂತ ಒರಳುಕಲ್ಲು. ಚಟ್ನಿ ಅರೆಯಲು ಚಪ್ಪಟೆ ಕಲ್ಲು. ಭತ್ತ ಕುಟ್ಟಲು ಒರಳು ಮತ್ತು ಒನಕೆ. ಒನಕೆಯ ತುದಿಗೆ ಅಣಸು ಎಂಬ ಕಬ್ಬಿಣದ ಬಳೆ, ಕಾಳು ಚೆಲ್ಲದಂತೆ ಒರಳಿನ ಬಾಯಿಗೆ ಕುಂದಣಿಗೆ. ಹೈದರಾಲಿಯ ಮುತ್ತಿಗೆಯ ಕಾಲದಲ್ಲಿ ಚಿತ್ರದುರ್ಗದ ಕೋಟೆಯ ಕಿಂಡಿಯ ಬಳಿ ನುಸುಳುತ್ತಿದ್ದ ಶತ್ರುಗಳನ್ನು ಬಡಿಯಲು ಓಬವ್ವನ ಕೈಗೆ ಸಿಕ್ಕಿದ್ದು ಅಡುಗೆಮನೆಯ ಇದೇ ಒನಕೆ. ದಿನವೂ ಎತ್ತಿ ಕುಟ್ಟುವ ಹೆಂಗಸಿನ ರಟ್ಟೆಗೆ ಅದೆಷ್ಟು ಪಳಗಿದ ಸಾಧನವಾಗಿತ್ತೆಂಬುದನ್ನು ನೆನೆದರೆ ಆ ಕತೆ ಅಷ್ಟೇನೂ ವಿಚಿತ್ರ ಅನ್ನಿಸುವುದಿಲ್ಲ.

ಬೆಳಗಿನ ಜಾವಕ್ಕೆ ಎದ್ದು ಬೀಸುತ್ತ ಹಾಡಿದ ಹಾಡುಗಳು ಕನ್ನಡ ಜನಪದ ಸಾಹಿತ್ಯದಲ್ಲಿ ಒಂದು ದೊಡ್ಡ ವಿಭಾಗವೇ ಆಗಿವೆ. ಅವುಗಳ ಸೊಬಗನ್ನು ಹೊಗಳುವವರು ಅವು ಹುಟ್ಟಿದ ದುಡಿಮೆಯನ್ನು ಮರೆಯುವುದುಂಟು. ಹಿಟ್ಟಿನ ಗಿರಣಿ ಊರಿಗೆ ಬಂದಾಗ ಬೀಸುವ ಕಲ್ಲನ್ನು ಮೊದಲು ಮೂಲೆಗೆ ಸರಿಸಿದವರು ಆ ಹಾಡುಗಳನ್ನು ಹಾಡುತ್ತಿದ್ದವರೇ. ಈಗ ಅನೇಕ ಮನೆಗಳಲ್ಲಿ ಒರಳು, ಒನಕೆ, ಬೀಸುವ ಕಲ್ಲು ಹೊರಬರುವುದು ಮದುವೆಯ ಅರಿಶಿನ ಕುಟ್ಟುವ ಶಾಸ್ತ್ರಕ್ಕೆ ಮಾತ್ರ.

ಧಾನ್ಯಕ್ಕೆ ತಕ್ಕ ಸಲಕರಣೆ

ಹಳೆ ಮೈಸೂರಿನ ರಾಗಿ ಮನೆಗೆ ಬೇಕಾದದ್ದು ಕಡಿಮೆ: ದಪ್ಪ ತಳದ ಪಾತ್ರೆ, ಹಿಟ್ಟು ತೊಳಸಲು ಗಟ್ಟಿ ಕೋಲು, ಪಾತ್ರೆ ಅಲುಗದಂತೆ ಒತ್ತಿಹಿಡಿಯಲು ಕವೆಗೋಲು, ಮುದ್ದೆ ಕಟ್ಟಲು ಒಂದು ಮರದ ಹಲಗೆ. ಕುದಿಯುವ ನೀರಿನಲ್ಲಿ ಬೆಂದ ರಾಗಿ ಹಿಟ್ಟು ಗಂಟಾಗದಂತೆ ತಿರುವಲು ಸೌಟಿಗೆ ತ್ರಾಣ ಸಾಲದು, ಕೋಲೇ ಬೇಕು. ಉತ್ತರ ಕರ್ನಾಟಕದ ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಆದ್ದರಿಂದ ಬಿಸಿನೀರು ಹಾಕಿ ನಾದಿ, ಕೈಯಲ್ಲಿ ಬಡಿದು, ಹಂಚಿನ ಮೇಲೆ ಹಾಕಿ ನೀರು ಸವರಿ ಬೇಯಿಸುವ ಕ್ರಮ ಬೆಳೆಯಿತು. ರೊಟ್ಟಿಯ ಜೊತೆಗಿನ ಗುರೆಳ್ಳು, ಶೇಂಗಾ ಚಟ್ನಿಪುಡಿಗಳಿಗೆ ಕುಟ್ಟುವ ಒರಳು ಸಾಕು. ಕರಾವಳಿ, ಮಲೆನಾಡುಗಳಲ್ಲಿ ಅಕ್ಕಿ ರುಬ್ಬಬೇಕು, ಕಾಯಿ ತುರಿಯಬೇಕು. ಅಲ್ಲಿ ಒರಳುಕಲ್ಲು, ತುರಿಯುವ ಮಣೆ, ದೋಸೆ ಕಾವಲಿ ಇಲ್ಲದ ಮನೆ ಇರಲಿಲ್ಲ. ಹಬೆಯಲ್ಲಿ ಬೇಯುವ ಕಡುಬಿಗೆ ಎಲೆಯೇ ಅಚ್ಚು: ಹಲಸಿನ ಎಲೆಯ ಕೊಟ್ಟೆ, ಕೇದಗೆಯ ಜಾತಿಯ ಎಲೆಯಲ್ಲಿ ಸುತ್ತಿದ ಮೂಡೆ. ಕೊಡಗಿನಲ್ಲಿ ನೂಪುಟ್ಟು ಒತ್ತುವ ಒರಳು ಸೇರಿಕೊಳ್ಳುತ್ತದೆ.

ಹುಳಿಗೆ ಒಂದೊಂದು ಸೀಮೆಗೆ ಒಂದೊಂದು ಕಾಯಿ. ಬಯಲುಸೀಮೆಗೆ ಹುಣಸೆ, ಘಟ್ಟಕ್ಕೆ ಮುರುಗಲು ಮತ್ತು ಉಪ್ಪಾಗೆ, ಕೊಡಗಿಗೆ ಹಂದಿಕರಿಯ ಜೀವವಾದ ಕಾಚಂಪುಳಿ.

ಕೂಡಿಡುವ ವಿಧಾನವೂ ಧಾನ್ಯದ ಗುಣವನ್ನೇ ಅನುಸರಿಸಿತು. ರಾಗಿಗೆ ಹುಳು ಹತ್ತುವುದು ಕಡಿಮೆ; ನೆಲದೊಳಗೆ ತೋಡಿದ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಬರಗಾಲದ ಸೀಮೆಗೆ ಇದಕ್ಕಿಂತ ದೊಡ್ಡ ಗುಣ ಇಲ್ಲ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳವಾದಾಗ ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಕೊನೆಗೆ ಭತ್ತ ಸೊರಗಿ, ರಾಗಿ ಗಟ್ಟಿಯಾಗಿ ಉಳಿದು ಗೆಲ್ಲುತ್ತದೆ. ಕುಲದ ಹಮ್ಮನ್ನು ಕೆಣಕುವ ಆ ಕಾವ್ಯದ ತೀರ್ಪು ನಿಂತಿರುವುದು ಉಗ್ರಾಣದ ಅನುಭವದ ಮೇಲೆ. ಕರಾವಳಿಯಲ್ಲಿ ಅಕ್ಕಿಯನ್ನು ಹುಲ್ಲಿನಲ್ಲಿ ಬಿಗಿದು ಮುಡಿ ಕಟ್ಟುತ್ತಿದ್ದರು. ಕಾಳುಕಡ್ಡಿಗೆ ಗುಡಾಣ, ಕಣಜ. ಉಪ್ಪಿನಕಾಯಿಗೆ ಪಿಂಗಾಣಿ ಜಾಡಿ.

ಗ್ರಂಥಗಳಲ್ಲಿ ಅಡುಗೆಮನೆ

ಕನ್ನಡದ ಮೊದಲ ಗದ್ಯಕೃತಿಗಳಲ್ಲಿ ಒಂದಾದ, 10ನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆಯ ಉಲ್ಲೇಖವಿದೆ. ಸುಮಾರು 1025ರಲ್ಲಿ 2ನೆಯ ಚಾವುಂಡರಾಯ ಬರೆದ ‘ಲೋಕೋಪಕಾರಂ’ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬುವ ವಿಧಾನವನ್ನು ಹೇಳುತ್ತದೆ. ಕಲ್ಯಾಣದ ಚಾಲುಕ್ಯ ದೊರೆ 3ನೆಯ ಸೋಮೇಶ್ವರನ ‘ಮಾನಸೋಲ್ಲಾಸ’ 12ನೆಯ ಶತಮಾನದ ಸಂಸ್ಕೃತ ಗ್ರಂಥ; ಅದರ ಅಡುಗೆಯ ಭಾಗದಲ್ಲಿ ಇಡ್ಡರಿಕಾ, ದೋಸಕ ಮೊದಲಾದ ತಿಂಡಿಗಳಿವೆ. ಈ ಹಳೆಯ ಇಡ್ಲಿಗಳಲ್ಲಿ ಅಕ್ಕಿ ಇಲ್ಲ, ಇರುವುದು ಉದ್ದು. ಘಾಟಿಗೆ ಕರಿಮೆಣಸು, ಘಮಕ್ಕೆ ಜೀರಿಗೆ, ಇಂಗು. 16ನೆಯ ಶತಮಾನದ ಆರಂಭದಲ್ಲಿ ಕಲ್ಲಹಳ್ಳಿಯ 3ನೆಯ ಮಂಗರಸ ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ ಬರೆದ.

ಇವೆಲ್ಲ ಅರಮನೆಯ, ಇಲ್ಲವೇ ಉಳ್ಳವರ ಮನೆಯ ಅಡುಗೆ ಎಂಬುದನ್ನು ನೆನಪಿಡಬೇಕು. ಕೂಲಿ ಮಾಡುವವನ ಗುಡಿಸಲಿನಲ್ಲಿದ್ದ ಎರಡು ಮಡಕೆ, ಒಂದು ಕಲ್ಲು, ಉಪ್ಪಿನ ಕುಡಿಕೆಗಳ ಬಗ್ಗೆ ಈ ಗ್ರಂಥಗಳು ಮಾತಾಡುವುದಿಲ್ಲ. ದಿನಸಿ ತುಂಬಿದ ಅಡುಗೆಮನೆ ಬಹುಕಾಲ ಕೆಲವರ ಸೊತ್ತಾಗಿತ್ತು. ಲೋಹದ ಪಾತ್ರೆ ಆಸ್ತಿಯ ಲೆಕ್ಕದಲ್ಲಿತ್ತು. ಕಷ್ಟಕಾಲದಲ್ಲಿ ಒಡವೆಯ ಹಿಂದೆಯೇ ಅಡವಿಗೆ ಹೋಗುತ್ತಿದ್ದದ್ದು ಅದೇ.

ಮೆಣಸಿನಕಾಯಿ ಬಂದದ್ದು

ದಿನಸಿಯ ಪಟ್ಟಿಯಲ್ಲಿ ಅತಿ ದೊಡ್ಡ ಪಲ್ಲಟ ಅಮೆರಿಕ ಖಂಡದ ಬೆಳೆಗಳಿಂದ ಆಯಿತು. ಮೆಣಸಿನಕಾಯಿಯನ್ನು ಭಾರತದ ಪಶ್ಚಿಮ ಕರಾವಳಿಗೆ ತಂದವರು ಪೋರ್ಚುಗೀಸರು. 1510ರಲ್ಲಿ ಅವರ ಕೈಸೇರಿದ ಗೋವೆಯಿಂದ ಕನ್ನಡ ಸೀಮೆ ದೂರವಿಲ್ಲ. ಅಲ್ಲಿಯವರೆಗೆ ಖಾರವೆಂದರೆ ಕರಿಮೆಣಸು, ಹಿಪ್ಪಲಿ, ಶುಂಠಿ. ಕರಿಮೆಣಸಿನ ಬಳ್ಳಿಗೆ ಘಟ್ಟದ ತಂಪು, ನೆರಳು, ಮಳೆ ಬೇಕು; ಮೆಣಸಿನಕಾಯಿ ಗಿಡಕ್ಕೆ ಬಯಲಿನ ಹೊಲವೂ ಹಿತ್ತಿಲೂ ಸಾಕು. ಕೊಂಡು ತರಬೇಕಿದ್ದ ಖಾರ ಹಿತ್ತಿಲಿನಲ್ಲೇ ಬೆಳೆಯುವಂತಾದದ್ದು ಬಡವರ ಊಟವನ್ನು ಅರಮನೆಯ ಊಟಕ್ಕಿಂತ ಹೆಚ್ಚು ಬದಲಿಸಿರಬೇಕು. ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕ ದೊರೆಯಿತು. ಶೇಂಗಾ, ಆಲೂಗಡ್ಡೆ, ಟೊಮೆಟೊ, ಗೋಡಂಬಿ ಕೂಡ ಇದೇ ಖಂಡದಿಂದ ಬಂದವು.

ಈ ಪಲ್ಲಟಕ್ಕೆ ಮುಂಚಿನ ಅಡುಗೆ ಹೇಗಿತ್ತೆಂದು ತಿಳಿಯಲು ಹಳೆಯ ಓಲೆಗರಿಗಳನ್ನೇ ಹುಡುಕಬೇಕಾಗಿಲ್ಲ. ಅನೇಕ ಬ್ರಾಹ್ಮಣ ಮನೆಗಳ ಶ್ರಾದ್ಧದ ಅಡುಗೆಯಲ್ಲಿ ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆಗಳಿಗೆ ಈಗಲೂ ಪ್ರವೇಶವಿಲ್ಲ, ಖಾರಕ್ಕೆ ಕರಿಮೆಣಸೇ. ಮಾಧ್ವರು ಚಾತುರ್ಮಾಸ್ಯದಲ್ಲಿ ಪಾಲಿಸುವ ಶಾಕವ್ರತದ ಅಡುಗೆಯೂ ಹೀಗೆಯೇ ಹಳೆಯ ಪದಾರ್ಥಗಳಿಗೆ ಅಂಟಿಕೊಂಡಿದೆ. ಪಿತೃಗಳಿಗೆ ಪರಿಚಯವಿಲ್ಲದ್ದನ್ನು ಬಡಿಸಬಾರದು ಎಂಬ ಸಂಕೋಚ ಇತಿಹಾಸಕಾರನಿಗೆ ಉಪಕಾರವನ್ನೇ ಮಾಡಿದೆ.

ಇಂಗು ಮಾತ್ರ ಅಂದೂ ಇಂದೂ ಹೊರಗಿನದು. ಅಫ್ಘಾನಿಸ್ತಾನ, ಇರಾನ್ ಕಡೆಯ ಗಿಡದ ಅಂಟನ್ನು ತಂದು ಹಿಟ್ಟಿನೊಂದಿಗೆ ಕಲಸಿ ಮಾರುತ್ತಾರೆ. ಭಾರತದಲ್ಲಿ ಅದನ್ನು ಬೆಳೆಸುವ ಪ್ರಯತ್ನವಾಗಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಸಸಿ ನೆಟ್ಟದ್ದು 2020ರಲ್ಲಿ. ಉಪ್ಪು ಹತ್ತಿರದ್ದೇ: ಗೋಕರ್ಣದ ಬಳಿಯ ಸಾಣಿಕಟ್ಟೆಯ ಹರಳುಪ್ಪು ಇಂದಿಗೂ ಹೆಸರುವಾಸಿ, 1930ರಲ್ಲಿ ಅಂಕೋಲೆಯ ಜನ ಉಪ್ಪಿನ ಸತ್ಯಾಗ್ರಹ ನಡೆಸಿದ್ದೂ ಅದೇ ಕರಾವಳಿಯಲ್ಲಿ.

ಪಾತ್ರೆಯ ಲೋಹ

ಮಣ್ಣಿನ ಮಡಕೆಯ ನಂತರ ತಾಮ್ರ, ಹಿತ್ತಾಳೆ, ಕಂಚು. ತಾಮ್ರ ಬೆರೆತ ಪಾತ್ರೆಗೆ ಹುಳಿ ತಾಕಿದರೆ ಕಿಲುಬು ಹತ್ತುತ್ತದೆ, ಉಂಡವರಿಗೆ ವಾಂತಿಯಾಗುತ್ತದೆ. ಹಾಗಾಗಿ ಒಳಮೈಗೆ ತವರದ ಲೇಪ ಬೇಕು. ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ಕರಗಿದ ತವರವನ್ನು ಅರಳೆಯಿಂದ ಒರೆಸುವ ಕಲಾಯಿಯವನು ಬೀದಿಗೆ ಬಂದರೆ ಮಕ್ಕಳ ಗುಂಪೇ ಸುತ್ತ ನೆರೆಯುತ್ತಿತ್ತು. ಗೊಜ್ಜು, ಹುಳಿ, ಮೊಸರಿಗೆ ಬಳಪದ ಕಲ್ಲಿನ ಮರಿಗೆ ಕಲಾಯಿಯ ಗೊಡವೆಯಿಲ್ಲದ ಪರಿಹಾರ: ಕಲ್ಲು ಹುಳಿಗೆ ಜಗ್ಗುವುದಿಲ್ಲ, ಬಿಸಿಯನ್ನೂ ಹಿಡಿದಿಡುತ್ತದೆ.

20ನೆಯ ಶತಮಾನದಲ್ಲಿ ಅಗ್ಗದ ಅಲ್ಯುಮಿನಿಯಂ ಬಂತು, ಅದರ ಬೆನ್ನಿಗೆ ಸ್ಟೇನ್‌ಲೆಸ್ ಸ್ಟೀಲ್. ತುಕ್ಕಿಲ್ಲ, ಕಿಲುಬಿಲ್ಲ, ಕಲಾಯಿ ಬೇಡ. ಉಜ್ಜಲು ಹುಣಸೆಹಣ್ಣೂ ಬೇಡ. ಹಳೆಯ ಬಟ್ಟೆ, ಜರಿ ಸೀರೆಗಳನ್ನು ಕೊಟ್ಟು ಬೀದಿ ವ್ಯಾಪಾರಿಯಿಂದ ಸ್ಟೀಲ್ ಡಬ್ಬಿ ಪಡೆಯುವ ವಿನಿಮಯ ಹುಟ್ಟಿತು. ಮದುವೆಯ ಉಡುಗೊರೆಯ ಪಾತ್ರೆಯ ಮೇಲೆ ಕೊಟ್ಟವರ ಹೆಸರು, ತಾರೀಕು ಕೊರೆಸುವ ರೂಢಿಯಿಂದಾಗಿ ಎಷ್ಟೋ ಮನೆಗಳ ವಂಶಾವಳಿ ಪಾತ್ರೆ ಸ್ಟ್ಯಾಂಡಿನಲ್ಲೇ ಸಿಗುತ್ತದೆ. ದುಂಡನೆಯ ಸಾಂಬಾರ ಡಬ್ಬಿ, ಒಳಗೆ ಸಾಸಿವೆ, ಜೀರಿಗೆ, ಮೆಂತ್ಯ, ಉದ್ದಿನಬೇಳೆ, ಕಡಲೆಬೇಳೆಗಳ ಬಟ್ಟಲು, ಮರದಿಂದ ಸ್ಟೀಲಿಗೆ ಬದಲಾದರೂ ಆಕಾರ ಬಿಡಲಿಲ್ಲ. ತೂಕ, ಅಳತೆಗಳ 1956ರ ಕಾನೂನಿನಿಂದ ಅಂಗಡಿಗೆ ಕಿಲೋ, ಲೀಟರ್ ಬಂದವು. ಮನೆಯ ಅಕ್ಕಿಡಬ್ಬಿಯೊಳಗೆ ಪಾವು ಹಾಗೇ ಉಳಿಯಿತು.

ಒಲೆ

ಸೌದೆ ಒಲೆಯ ದೋಷ ಹೊಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಹಳ್ಳಿಯ ತಂತ್ರಜ್ಞಾನಕ್ಕೆ ಕೈಹಾಕಿತು. ಅಲ್ಲಿ ರೂಪುಗೊಂಡ ‘ಅಸ್ತ್ರ ಒಲೆ’ ಒಂದೇ ಉರಿಯಿಂದ ಮೂರು ಪಾತ್ರೆಗಳನ್ನು ಕಾಯಿಸಿ, ಹೊಗೆಯನ್ನು ಕೊಳವೆಯಿಂದ ಹೊರಗಟ್ಟುತ್ತಿತ್ತು. ಸೌದೆಯೂ ಉಳಿಯುತ್ತಿತ್ತು. ಪೇಟೆಗಳಲ್ಲಿ ಅಷ್ಟರಲ್ಲಿ ಸೀಮೆಎಣ್ಣೆಯ ಪಂಪ್ ಸ್ಟೋವ್, ಬತ್ತಿ ಸ್ಟೋವ್‌ಗಳ ಕಾಲ. ಇಂಡಿಯನ್ ಆಯಿಲ್‌ನ ಅಡುಗೆ ಗ್ಯಾಸ್ ‘ಇಂಡೇನ್’ 1965ರಲ್ಲಿ ಬಂತು. ಆದರೂ ಗ್ಯಾಸ್ ಸಂಪರ್ಕಕ್ಕೆ ವರ್ಷಗಟ್ಟಲೆ ಕಾಯುವ ಸ್ಥಿತಿ ಮುಂದಿನ ದಶಕಗಳಲ್ಲೂ ಇತ್ತು. ಬಡ ಕುಟುಂಬಗಳಿಗೆ ಸಂಪರ್ಕ ಕೊಡುವ ಉಜ್ವಲಾ ಯೋಜನೆ ಆರಂಭವಾದದ್ದು 2016ರಲ್ಲಿ. ಗ್ಯಾಸಿನಿಂದ ಹೆಂಗಸರು ನಿಂತು ಅಡುಗೆ ಮಾಡುವಂತಾಯಿತು. ಕಟ್ಟೆ ಎತ್ತರವಾದ ಮೇಲೆ, ನೆಲದ ಮೇಲೆ ಕೂತು ಹೆಚ್ಚುವ ಈಳಿಗೆಮಣೆಯ ಜಾಗಕ್ಕೆ ಚಾಕು ಬಂತು.

ಯಂತ್ರ ಮತ್ತು ಪ್ಯಾಕೆಟ್

ಪ್ರೆಷರ್ ಕುಕ್ಕರ್‌ಗಳು ಭಾರತದಲ್ಲಿ ತಯಾರಾಗತೊಡಗಿದ್ದು 1950ರ ದಶಕದ ಕೊನೆಗೆ. ಒಳಗಿನ ಒತ್ತಡದಿಂದ ನೀರು ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವುದರಿಂದ ತೊಗರಿಬೇಳೆ ಬೇಯಲು ಗಂಟೆಗಟ್ಟಲೆ ಕಾಯುವುದು ತಪ್ಪಿತು. ಹೊತ್ತಿನ ಬದಲು ಸೀಟಿ ಎಣಿಸುವುದು ರೂಢಿಯಾಯಿತು. ಮುಂಬೈಯಲ್ಲಿ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ರೂಪಿಸಿದ ‘ಸುಮೀತ್’ ಮಿಕ್ಸಿ 1963ರಲ್ಲಿ ಹೊರಬಂತು. ಹೊರದೇಶದ ಬ್ಲೆಂಡರ್‌ಗಳು ನಮ್ಮ ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ನೆನೆಸಿದ ಉದ್ದಿಗೆ ಸೋತು ಮೋಟರ್ ಸುಟ್ಟುಕೊಳ್ಳುತ್ತಿದ್ದವು. ಇದರ ಮೋಟರ್ ಆ ಹೊರೆಗೆಂದೇ ಮಾಡಿದ್ದು. ಆದರೂ ಮಿಕ್ಸಿಯ ಬ್ಲೇಡು ಕತ್ತರಿಸುತ್ತದೆ, ಕಲ್ಲು ಜಜ್ಜುತ್ತದೆ. ಬ್ಲೇಡಿನ ವೇಗಕ್ಕೆ ಹಿಟ್ಟು ಬಿಸಿಯೇರಿ ಉದ್ದು ಅರಳುವುದು ಕಡಿಮೆ. ಈ ಕೊರತೆಯಿಂದಲೇ ಕೊಯಮತ್ತೂರಿನ ವೆಟ್ ಗ್ರೈಂಡರ್, ಅಂದರೆ ಮೋಟರ್ ಕಟ್ಟಿದ ಒರಳುಕಲ್ಲು, ಇಡ್ಲಿ ದೋಸೆಯ ಮನೆಗಳಲ್ಲಿ ಮಿಕ್ಸಿಯ ಪಕ್ಕದಲ್ಲೇ ಜಾಗ ಹಿಡಿಯಿತು.

ಪುಡಿಗಳ ಚರಿತ್ರೆಗೆ ಒಂದು ಹೋಟೆಲು ಕಾರಣವಾಯಿತು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಂ ಎರಡನೆಯ ಮಹಾಯುದ್ಧದ ಅಕ್ಕಿ ಅಭಾವದಲ್ಲಿ ರವೆ ಇಡ್ಲಿಯನ್ನು ಹುಟ್ಟುಹಾಕಿತೆಂದು ಪ್ರಸಿದ್ಧ. ತುರ್ತುಪರಿಸ್ಥಿತಿಯ ಬೆಲೆ ನಿಯಂತ್ರಣದಲ್ಲಿ ಹೋಟೆಲು ನಡೆಸುವುದು ಕಷ್ಟವಾದಾಗ ಸಿದ್ಧ ಮಿಶ್ರಣ, ಸಾರಿನ ಪುಡಿಗಳ ಮಾರಾಟಕ್ಕೆ ಇಳಿಯಿತು. ವರ್ಷಕ್ಕೊಮ್ಮೆ ಬಿಸಿಲಿನಲ್ಲಿ ಮೆಣಸಿನಕಾಯಿ ಒಣಗಿಸಿ ಪುಡಿ ಮಾಡಿಸುತ್ತಿದ್ದ ಕೆಲಸ ಇದರಿಂದ ಅನೇಕ ಮನೆಗಳಲ್ಲಿ ನಿಂತಿತು. ಅಮೆರಿಕ, ಕೊಲ್ಲಿ ದೇಶಗಳಿಗೆ ಹೋದ ಕನ್ನಡಿಗರ ಸೂಟ್‌ಕೇಸಿನಲ್ಲಿ ಮಾತ್ರ ಅಮ್ಮ ಮಾಡಿಸಿದ ಹುಳಿಪುಡಿ, ಚಟ್ನಿಪುಡಿಗಳು ಇನ್ನೂ ಪ್ರಯಾಣ ಮಾಡುತ್ತವೆ.

ಇತ್ತೀಚಿನ ಸೇರ್ಪಡೆ ಇಂಡಕ್ಷನ್ ಒಲೆ. ಅದು ಪಾತ್ರೆಯ ತಳವನ್ನೇ ಕಾಂತಕ್ಷೇತ್ರದಿಂದ ಕಾಯಿಸುವುದರಿಂದ ಕಬ್ಬಿಣಕ್ಕೂ ಆಯಸ್ಕಾಂತ ಹಿಡಿಯುವ ಸ್ಟೀಲಿಗೂ ಒಗ್ಗುತ್ತದೆ. ಬರಿಯ ಹಿತ್ತಾಳೆ, ತಾಮ್ರ, ಅಲ್ಯುಮಿನಿಯಂ, ಮಣ್ಣಿನ ಮಡಕೆ, ಕಲ್ಲಿನ ಮರಿಗೆ ಅದರ ಮೇಲೆ ಬಿಸಿಯಾಗುವುದಿಲ್ಲ. ಪಾತ್ರೆ ಅಂಗಡಿಗಳಲ್ಲಿ ಈಗ ಕುಕ್ಕರನ್ನು ತಲೆಕೆಳಗು ಮಾಡಿ ತಳ ನೋಡಿ ಕೊಳ್ಳುತ್ತಾರೆ.