ಅಮ್ಮನ ಹಾಡೂ ಅಕ್ಷರಗಳ ವಲಸೆಯೂ

ನಮ್ಮಮ್ಮ ಓದಿದ್ದು ನಾಲ್ಕನೆಯ ತರಗತಿಯವರೆಗೆ ಮಾತ್ರ. ಆದರೆ ಊರಿನಲ್ಲಿ ಯಾರ ಮನೆಯ ಮದುವೆಯಾದರೂ ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗರನ್ನು ಹಂಗಿಸುವ ಹಾಡು ಹೇಳಲು ಅವಳೇ ಬೇಕಾಗಿತ್ತು. ತನಗೆ ಬರುತ್ತಿದ್ದ ಹಾಡುಗಳನ್ನೆಲ್ಲ ಒಂದು ಹಳೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದಳು. 1998ರಲ್ಲಿ ನಾನು ಅವನ್ನು ನಮ್ಮೂರಿನ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಬೆರಳಚ್ಚು ಮಾಡಿಸಿ ಸಣ್ಣದೊಂದು ಪುಸ್ತಕ ತಂದೆ. ಬೆರಳಚ್ಚಾದದ್ದು 53 ಹಾಡು. ಕೈಯಲ್ಲಿದ್ದ ಹಣಕ್ಕೆ ಅಷ್ಟು ಪುಟ ಆಗದೆ ಪುಸ್ತಕದಲ್ಲಿ ಬಂದದ್ದು 41. ಉಳಿದ ಹನ್ನೆರಡು ಹೇಗೂ ಫ್ಲಾಪಿಯಲ್ಲಿವೆ, ಎರಡನೆಯ ಸಲ ಹಾಕಿಸಿದರಾಯಿತು ಎಂದುಕೊಂಡೆ.

ಆ ಎರಡನೆಯ ಸಲ ಬರಲೇ ಇಲ್ಲ. ಅಮ್ಮ 2009ರಲ್ಲಿ ತೀರಿಕೊಂಡಳು. ಲೆಕ್ಕದ ಪುಸ್ತಕವನ್ನು ಅಟ್ಟದ ಮೇಲೆ ಗೆದ್ದಲು ತಿಂದಿತು. ಮೊನ್ನೆ ಅಣ್ಣನ ಕಿರಿಯ ಮಗಳ ಮದುವೆ ಗೊತ್ತಾದಾಗ ಹನ್ನೆರಡು ಹಾಡುಗಳ ನೆನಪಾಯಿತು. ಫ್ಲಾಪಿಯಲ್ಲಿದ್ದುದನ್ನು ಹಿಂದೆಯೇ ಒಂದು ಸಿ.ಡಿ.ಗೆ ಹಾಕಿಸಿಟ್ಟಿದ್ದೆ. ಅದನ್ನು ಮನೆಯ ಕಂಪ್ಯೂಟರಿನಲ್ಲಿ ತೆರೆದರೆ ಒಂದು ಸಾಲೂ ಕನ್ನಡವಿಲ್ಲ. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ, ತಲೆಯ ಮೇಲೆ ಗೀಟು ಹೊತ್ತ ‘ಎ’, ನಡುನಡುವೆ ಪೌಂಡಿನ ಗುರುತು. ಅಕ್ಷರ ಎಂದರೆ ನಾಶವಿಲ್ಲದ್ದು ಎಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಪರದೆಯ ಮುಂದೆ ಸುಮ್ಮನೆ ಕುಳಿತುಬಿಟ್ಟೆ.

ಇದು ನನ್ನೊಬ್ಬಳ ಕಥೆಯಲ್ಲ. ಇದರ ಹಿಂದೆ ಕನ್ನಡದ ಅಕ್ಷರಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದ ಚರಿತ್ರೆಯಿದೆ.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಹೊರಟಾಗ ಅದು ಕಲ್ಲಚ್ಚಿನಲ್ಲಿ ಮುದ್ರಣವಾಗಿತ್ತು. ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕರು. ಆಮೇಲೆ ಸೀಸದ ಅಚ್ಚುಮೊಳೆಗಳ ಕಾಲ. ಕಿಟ್ಟೆಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರಗಳ ಎರಡು ರೂಪ ಇದ್ದರೆ ಸಾಕು. ನಮ್ಮದರಲ್ಲಿ ಕಾಗುಣಿತವಿದೆ, ಒತ್ತಕ್ಷರವಿದೆ, ಅರ್ಕಾವತ್ತಿದೆ. ಮೊಳೆ ಜೋಡಿಸುವವರು ನೂರಾರು ಖಾನೆಗಳಿಂದ ತುಂಡು ತುಂಡಾಗಿ ಹೆಕ್ಕಿ ಒಂದು ಪದ ಕಟ್ಟಬೇಕಾಗಿತ್ತು.

1985ರಲ್ಲಿ ಆಲ್ಡಸ್ ಕಂಪನಿಯ ಪೇಜ್‌ಮೇಕರ್ ಬಂತು. ಪುಟವನ್ನು ಮೇಜಿನ ಮೇಲಿನ ಯಂತ್ರದಲ್ಲೇ ಕಟ್ಟುವ ಸೌಲಭ್ಯ. ತೊಂಬತ್ತರ ದಶಕದಲ್ಲಿ ನಮ್ಮ ಜಿಲ್ಲಾ ಕೇಂದ್ರಗಳಲ್ಲೆಲ್ಲ ಡಿ.ಟಿ.ಪಿ. ಅಂಗಡಿಗಳು ಹುಟ್ಟಿದವು. ಆದರೆ ಆ ಯಂತ್ರಕ್ಕೆ ಕನ್ನಡ ಗೊತ್ತಿರಲಿಲ್ಲ. ಒಂದು ಫಾಂಟಿನಲ್ಲಿ ಅಕ್ಷರಗಳಿಗೆ 256 ಸ್ಥಾನ, ಅವುಗಳಲ್ಲಿಯೂ ಕೆಲವನ್ನು ಯಂತ್ರ ತನಗೇ ಇಟ್ಟುಕೊಂಡಿತ್ತು. ನಮ್ಮವರು ಉಪಾಯ ಮಾಡಿದರು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದರು. ಹಳೆಯ ನುಡಿ ಫಾಂಟನ್ನೇ ನೋಡಿ: ಇಂಗ್ಲಿಷಿನ ದೊಡ್ಡ ‘ಪಿ’ ಇರುವ ಕಡೆ ತಲೆಕಟ್ಟಿಲ್ಲದ ಕಕಾರ, ಪೌಂಡಿನ ಗುರುತಿನ ಕಡೆ ನಕಾರ, ಗೀಟು ಹೊತ್ತ ‘ಎ’ ಎಂದರೆ ಬರೀ ತಲೆಕಟ್ಟು. ಯಂತ್ರ ತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಇಂಗ್ಲಿಷನ್ನು. ಕನ್ನಡ ಮೇಲಿನ ವೇಷ ಮಾತ್ರ. ಫಾಂಟ್ ಹೋದರೆ ವೇಷ ಕಳಚಿತು. ಸಾಲದ್ದಕ್ಕೆ ಫಾಂಟ್ ಮಾಡಿದ ಒಬ್ಬೊಬ್ಬರೂ ತಮಗೆ ತೋಚಿದಂತೆ ತುಂಡುಗಳನ್ನು ಕೂರಿಸಿದ್ದರು. ಒಂದು ಅಂಗಡಿಯ ‘ಕ’ ಪಕ್ಕದ ಅಂಗಡಿಯಲ್ಲಿ ಇನ್ನೇನೋ ಆಗುತ್ತಿತ್ತು.

ಇದಕ್ಕೆ ಮದ್ದು ಹುಡುಕಿದವರೂ ಇದ್ದರು. ಭಾರತೀಯ ಭಾಷೆಗಳಿಗೆಲ್ಲ ಒಂದೇ ಸಂಕೇತವಿರಲಿ ಎಂದು ಇಸ್ಕಿ ಎಂಬ ಮಾನಕ 1991ರಲ್ಲಿ ಬಂತು. ಅದೇ ವರ್ಷ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಅದರದೇ ಆದ ಸ್ಥಾನ ಸಿಕ್ಕಿತು. ಕೆ.ಪಿ. ರಾವ್ ಅವರು ಉಚ್ಚಾರಣೆಗೆ ಹೊಂದುವ ಕೀಲಿಮಣೆ ರೂಪಿಸಿಕೊಟ್ಟರು. ಮುಂದೆ ಸರ್ಕಾರವೂ ಅದನ್ನೇ ಒಪ್ಪಿಕೊಂಡಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಮನೆಮನೆಗೆ ಕನ್ನಡ ತಂದವು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟೂ ಸೇರಿತ್ತು. ಆದರೆ ಪುಸ್ತಕ ಕಟ್ಟುವ ಪೇಜ್‌ಮೇಕರಿಗೆ ಯೂನಿಕೋಡ್ ಕಡೆಯವರೆಗೂ ಬರಲಿಲ್ಲ. ಅದರ ಜಾಗಕ್ಕೆ ಬಂದ ಇನ್‌ಡಿಸೈನ್ ಕೂಡ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಕೂರಿಸಲು ಅಧಿಕೃತವಾಗಿ ಕಲಿತದ್ದು 2012ರ ಸಿಎಸ್6 ಆವೃತ್ತಿಯಲ್ಲಿ. ನಡುವಿನ ಇಪ್ಪತ್ತು ವರ್ಷಗಳಲ್ಲಿ ಅಚ್ಚಾದ ನಮ್ಮ ಸ್ಮರಣ ಸಂಚಿಕೆ, ಪ್ರಬಂಧ, ಕವನ ಸಂಕಲನಗಳ ಕಡತಗಳ ಪಾಡು ಏನಾಗಿರಬಹುದು, ಊಹಿಸಿ.

ಅಣ್ಣನ ಹಿರಿಯ ಮಗಳು ಬೆಂಗಳೂರಿನಲ್ಲಿ ನಾಲ್ಕು ಭಾಷೆಗಳ ಪುಸ್ತಕ ತರುವ ಒಂದು ಕಚೇರಿಯಲ್ಲಿದ್ದಾಳೆ. 2014ರಲ್ಲಿ ಅಲ್ಲಿ ಒಂದಕ್ಕೊಂದು ಜೋಡಿಸಿದ ಮೂವತ್ತು ಕಂಪ್ಯೂಟರುಗಳಿಗೆ ಹೊಸ ತಂತ್ರಾಂಶ ಹಾಕಿಸುವ ಜವಾಬ್ದಾರಿ ಅವಳದೇ ಆಗಿತ್ತು. “ಹಾಕುವುದು ಒಂದು ದಿನದ ಕೆಲಸ ಅತ್ತೆ, ಮೂವತ್ತೂ ಒಂದೇ ಮಾತು ಆಡುವಂತೆ ಮಾಡುವುದಕ್ಕೆ ಮೂರು ತಿಂಗಳು ಹಿಡಿಯಿತು” ಎಂದಳು. ಎಲ್ಲ ಯಂತ್ರಗಳಲ್ಲೂ ಒಂದೇ ಆವೃತ್ತಿ ಇರಬೇಕು, ಏಕೆಂದರೆ ಹೊಸದರಲ್ಲಿ ಮಾಡಿದ ಕಡತವನ್ನು ಹಳೆಯದು ತೆರೆಯುವುದಿಲ್ಲ. ಫಾಂಟುಗಳನ್ನು ಒಂದೇ ಕಡೆಯಿಂದ ಹಂಚಬೇಕು. ಪುಟ ಕಟ್ಟುವ ವ್ಯವಸ್ಥೆಯಲ್ಲಿ ಭಾರತೀಯ ಲಿಪಿಗಳಿಗೆ ಬೇರೆಯೇ ಆಯ್ಕೆಯಿದೆ. ಯಾರೋ ಒಬ್ಬರ ಯಂತ್ರದಲ್ಲಿ ಅದನ್ನು ಆರಿಸದೆ ಬಿಟ್ಟದ್ದಕ್ಕೆ ಒಂದು ಅಧ್ಯಾಯದ ಒತ್ತಕ್ಷರಗಳೆಲ್ಲ ಚದುರಿಹೋಗಿದ್ದವಂತೆ. ಹಳೆಯ ಕೀಲಿಮಣೆಗೆ ಬೆರಳು ಪಳಗಿದ ಹಿರಿಯರು ಮಾತ್ರ ನಾವು ಬದಲಾಗುವುದಿಲ್ಲ ಎಂದರು. ಬದಲಾಗಬೇಕಾಗಿಯೂ ಇರಲಿಲ್ಲ. ಯೂನಿಕೋಡಿನಲ್ಲಿ ಯಾವ ಕೀಲಿ ಒತ್ತಿದರೂ ಒಳಗೆ ಉಳಿಯುವುದು ಕನ್ನಡದ ಅಕ್ಷರವೇ. ಅವರವರ ಕೀಲಿಮಣೆ ಅವರವರಿಗೇ ಉಳಿಯಿತು.

ಅಮ್ಮನ ಕಡತ ನೋಡಿ ಅವಳು ಮೊದಲು ಕೇಳಿದ್ದು ಫಾಂಟಿನ ಹೆಸರು. ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿತ್ತು, ಫಾಂಟ್ ಎಲ್ಲೂ ಸಿಗಲಿಲ್ಲ. ಸಿದ್ಧವಾಗಿ ಸಿಗುವ ಪರಿವರ್ತಕಗಳಿಗೂ ಅದು ಬಗ್ಗಲಿಲ್ಲ. ಆಗ ಅವಳಿಗೆ ಹೊಳೆದದ್ದು ಅಚ್ಚಾದ ಪುಸ್ತಕ. “41 ಹಾಡು ಪುಸ್ತಕದಲ್ಲೂ ಇವೆ, ಈ ಕಡತದಲ್ಲೂ ಇವೆಯಲ್ಲ ಅತ್ತೆ?”

1799ರಲ್ಲಿ ಸಿಕ್ಕ ರೊಸೆಟ್ಟಾ ಕಲ್ಲಿನ ಮೇಲೆ ಗೊತ್ತಿದ್ದ ಗ್ರೀಕ್ ಭಾಷೆಯನ್ನು ಹಿಡಿದುಕೊಂಡೇ ಷಾಂಪೋಲಿಯನ್ 1822ರಲ್ಲಿ ಈಜಿಪ್ಟಿನ ಚಿತ್ರಲಿಪಿ ಬಿಡಿಸಿದ್ದು. ನಾವಿಬ್ಬರೂ ಊಟದ ಮೇಜಿನ ಮೇಲೆ ಅದನ್ನೇ ಮಾಡಿದೆವು. ನಾನು ಪುಸ್ತಕ ನೋಡಿ ಓದುವುದು, ಅವಳು ಪರದೆಯ ಗುರುತು ಬರೆದುಕೊಳ್ಳುವುದು. ‘ಕರ್ಪೂರ’ದಂಥ ಪದ ತೊಡಕಾಯಿತು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ‘ಪೂ’ ಆದಮೇಲೆ ಇರುತ್ತದೆ. ಯೂನಿಕೋಡಿನಲ್ಲಿ ಬಾಯಲ್ಲಿ ಬರುವಂತೆ ಮೊದಲು ‘ರ್’, ಆಮೇಲೆ ‘ಪೂ’. ಅಂಥವನ್ನೆಲ್ಲ ಹಿಂದುಮುಂದು ಮಾಡಬೇಕಾಯಿತು. ಎರಡು ರಾತ್ರಿಯಲ್ಲಿ ಪಟ್ಟಿ ತಯಾರಾಯಿತು.

ಹನ್ನೆರಡು ಹಾಡುಗಳೂ ಒಂದೊಂದಾಗಿ ಹೊರಬಂದವು. ಒಂದು ಗುರುತು ಮಾತ್ರ ಉಳಿಯಿತು. ಅದು ಅಚ್ಚಾದ ಹಾಡುಗಳಲ್ಲಿ ಎಲ್ಲಿಯೂ ಇರಲಿಲ್ಲ. ಒಡವೆಗಳ ಹೆಸರು ಹೇಳುವ ಹಾಡು ಅದು. ಎಂಬತ್ತೆರಡರ ಚಿಕ್ಕಮ್ಮನಿಗೆ ಫೋನು ಮಾಡಿ ಹಿಂದಿನ ಸಾಲು ಹೇಳಿದೆ. ಅವಳು ಮುಂದಿನದನ್ನು ರಾಗವಾಗಿಯೇ ಹೇಳಿಬಿಟ್ಟಳು. ಆ ಪದ ‘ಕಂಠೀಹಾರ’. ನಮಗೆ ಸಿಕ್ಕದೆ ಉಳಿದಿದ್ದದ್ದು ಠಕಾರ.

ನಿಮ್ಮ ಮನೆಯಲ್ಲೂ ಇಂಥ ಹಳೆಯ ಸಿ.ಡಿ. ಇದ್ದರೆ ಇಂದೇ ತೆಗೆದು ನೋಡಿ. ಫಾಂಟ್ ಇನ್ನೂ ಸಿಗುವಾಗಲೇ ಯೂನಿಕೋಡಿಗೆ ಬದಲಾಯಿಸಿ, ಕಾಗದದ ಮೇಲೂ ಒಂದು ಪ್ರತಿ ತೆಗೆದಿಡಿ. ನಮ್ಮನ್ನು ಕಡೆಗೆ ಕಾಪಾಡಿದ್ದು ಕಾಗದವೇ.

ಮದುವೆಯಲ್ಲಿ ಆ ಹನ್ನೆರಡರಲ್ಲಿ ಮೂರನ್ನು ಮಾತ್ರ ಹೇಳಿದೆವು. ಉಳಿದ ಒಂಬತ್ತರ ಧಾಟಿ ನಮಗೆ ಯಾರಿಗೂ ಗೊತ್ತಿರಲಿಲ್ಲ. ಚಿಕ್ಕಮ್ಮನಿಗೆ ಆರರದು ನೆನಪಿದೆಯಂತೆ. ಈಗ ಭಾನುವಾರ ಭಾನುವಾರ ಅವಳ ಮನೆಗೆ ಹೋಗಿ ಕಲಿಯುತ್ತಿದ್ದೇನೆ.