ರಗ್ಬಿ ಲೀಗ್ ದೊಡ್ಡದಾ, ಅಮೆರಿಕನ್ ಫುಟ್ಬಾಲ್ ದೊಡ್ಡದಾ? ಮೊದಲು ಇತಿಹಾಸ ನೋಡೋಣ

ಸ್ವಲ್ಪ ಉದ್ದದ ಪೋಸ್ಟ್, ಪುರುಸೊತ್ತಿದ್ದಾಗ ಓದಿ.

ರಗ್ಬಿ ಲೀಗ್ ಅಭಿಮಾನಿಗಳಿಗೂ ಅಮೆರಿಕನ್ ಫುಟ್ಬಾಲ್ ಅಭಿಮಾನಿಗಳಿಗೂ ದಶಕಗಳಿಂದ ಮುಗಿಯದ ಒಂದು ಜಗಳ ಇದೆ. ಹೆಲ್ಮೆಟ್ ಹಾಕ್ಕೊಂಡು, ಭುಜಕ್ಕೆ ಪ್ಯಾಡ್ ಕಟ್ಕೊಂಡು, ಐದು ಸೆಕೆಂಡ್ ಓಡಿ ಅರ್ಧ ನಿಮಿಷ ಸುಧಾರಿಸಿಕೊಳ್ಳೋರು ಎಂಥ ಗಟ್ಟಿಗರು ಅಂತ ಇವರು. ನಮ್ಮವರು ಗುದ್ದೋ ವೇಗಕ್ಕೆ ನಿಮ್ಮವರು ಆಸ್ಪತ್ರೆ ಸೇರ್ತಾರೆ, ಅದಕ್ಕೇ ಹೆಲ್ಮೆಟ್ ಬೇಕಾಗಿರೋದು ಅಂತ ಅವರು. ನನಗೆ ಈ ಜಗಳದಲ್ಲಿ ಆಸಕ್ತಿ ಹುಟ್ಟಿದ್ದು ಆಟದಿಂದಲ್ಲ, ಸಂಬಳದಿಂದ. ನಾನು ಗುಮಾಸ್ತ. ಸಭೆಗೋ ಧರಣಿಗೋ ಹೋಗೋಕೆ ರಜೆ ಉಳಿದಿಲ್ಲ ಅಂದ್ರೆ ಆ ದಿನದ ಸಂಬಳ ಕಟ್. ‘ಲಾಸ್ ಆಫ್ ಪೇ’ ಅನ್ನೋ ಮೂರು ಪದ ನಮ್ಮಂಥವರಿಗೆ ಚೆನ್ನಾಗಿ ಗೊತ್ತು. ರಗ್ಬಿ ಲೀಗ್ ಅನ್ನೋ ಆಟ ಹುಟ್ಟಿದ್ದೇ ಈ ಲಾಸ್ ಆಫ್ ಪೇ ವಿಚಾರಕ್ಕೆ ಅಂತ ಓದಿದಾಗ ಪುಸ್ತಕ ಕೆಳಗಿಡೋಕೆ ಆಗಲಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ರಗ್ಬಿ ಲೀಗ್‌ನಲ್ಲಿ ಒಂದು ಕಡೆ 13 ಜನ. ಚೆಂಡು ಹಿಡ್ಕೊಂಡು ಎದುರಾಳಿಗಳ ಮಧ್ಯೆ ನುಗ್ಗಬೇಕು, ಕೈಯಿಂದ ಪಾಸ್ ಕೊಡೋದಾದ್ರೆ ಹಿಂದಕ್ಕೇ ಕೊಡಬೇಕು. ಕಬಡ್ಡಿಯಲ್ಲಿ ರೈಡರನ್ನ ಕೆಡವೋ ಹಾಗೆ ಕೆಡವ್ತಾರೆ. ಆರು ಸಲ ಕೆಡವಿದ್ರೆ ಚೆಂಡು ಆ ಕಡೆಗೆ. ಅಮೆರಿಕನ್ ಫುಟ್ಬಾಲ್‌ನಲ್ಲಿ 11 ಜನ, ನಾಲ್ಕು ಪ್ರಯತ್ನದಲ್ಲಿ 10 ಗಜ ಮುಂದೆ ಹೋಗಬೇಕು, ಪ್ರತಿ ಪ್ರಯತ್ನದಲ್ಲಿ ಒಂದು ಸಲ ಚೆಂಡನ್ನ ಮುಂದಕ್ಕೆ ಎಸೀಬಹುದು. ಎರಡೂ ಇಂಗ್ಲೆಂಡಿನ ರಗ್ಬಿ ಅನ್ನೋ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು.

ಆ ರಗ್ಬಿ ಆಟ ಶ್ರೀಮಂತರ ಮಕ್ಕಳು ಓದೋ ಶಾಲೆಗಳಿಂದ ಬಂದದ್ದು. 1880ರ ದಶಕದ ಹೊತ್ತಿಗೆ ಯಾರ್ಕ್‌ಷೈರ್, ಲ್ಯಾಂಕಾಷೈರ್ ಕಡೆಯ ಕಲ್ಲಿದ್ದಲು ಗಣಿಯವರು, ಬಟ್ಟೆ ಗಿರಣಿಯವರು, ಹಡಗುಕಟ್ಟೆ ಕೂಲಿಗಳು ಅದನ್ನ ತಮ್ಮದಾಗಿ ಮಾಡ್ಕೊಂಡ್ರು. ಆದರೆ ಶನಿವಾರವೂ ಅವರಿಗೆ ಕೆಲಸ ಇತ್ತು. ಪಂದ್ಯಕ್ಕೆ ಹೋದ್ರೆ ಕೂಲಿ ಹೋಯ್ತು. ವಕೀಲರ ಮಗನಿಗೆ ಅದು ಲೆಕ್ಕಕ್ಕೇ ಇಲ್ಲ, ಗಣಿಯವನ ಮನೆಯಲ್ಲಿ ಅದು ವಾರದ ಬ್ರೆಡ್ಡು. ಹಾಗಾಗಿ ಉತ್ತರದ ಕ್ಲಬ್‌ಗಳು ಕೇಳಿದ್ದು ಇಷ್ಟೇ: ಆಡೋಕೆ ಸಂಬಳ ಬೇಡ, ಆಡಿದ್ದಕ್ಕೆ ಕಳ್ಕೊಂಡ ಕೂಲಿಯನ್ನ ತುಂಬಿಕೊಡೋಕೆ ಬಿಡಿ. 1893ರಲ್ಲಿ ಲಂಡನ್ನಿನ ಸಭೆಯಲ್ಲಿ ಯಾರ್ಕ್‌ಷೈರ್‌ನವರು ಈ ಪ್ರಸ್ತಾಪ ಇಟ್ರು. 282ಕ್ಕೆ 136 ಮತಗಳಿಂದ ಬಿದ್ದುಹೋಯ್ತು. ದುಡ್ಡು ಮುಟ್ಟಿದ್ರೆ ಆಟ ಮೈಲಿಗೆ ಆಗುತ್ತೆ ಅನ್ನೋದು ದೊಡ್ಡವರ ವಾದ. ಮೈಲಿಗೆ ಅನ್ನೋ ಪದ ನನ್ನದು, ಭಾವನೆ ಅವರದೇ.

1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ 20ಕ್ಕೂ ಹೆಚ್ಚು ಉತ್ತರದ ಕ್ಲಬ್‌ಗಳು ಸೇರಿ ಹೊರಗೆ ಬಂದವು. ಕೂಲಿ ನಷ್ಟಕ್ಕೆ ದಿನಕ್ಕೆ ಆರು ಶಿಲ್ಲಿಂಗ್ ಮಿತಿ. ಅಷ್ಟೇ. ಆರು ಶಿಲ್ಲಿಂಗಿಗೆ ಒಂದು ಆಟ ಎರಡಾಯ್ತು. 1898ರಲ್ಲಿ ದುಡ್ಡು ಕೊಟ್ಟು ಆಡಿಸೋಕೆ ಪೂರ್ತಿ ಒಪ್ಪಿಗೆ ಬಂದಾಗಲೂ ಆಟಗಾರನಿಗೆ ಬೇರೆ ಒಂದು ನಿಜವಾದ ಉದ್ಯೋಗ ಇರಲೇಬೇಕು ಅನ್ನೋ ಷರತ್ತಿತ್ತು. ವಾರವೆಲ್ಲ ಗಣಿಯಲ್ಲಿ ಕಲ್ಲಿದ್ದಲು ಅಗೆದು ಶನಿವಾರ ಬಂದು ಟ್ಯಾಕಲ್ ಮಾಡು ಅಂತ. ಈ ಆಟದ ಗಟ್ಟಿತನ ಎಲ್ಲಿಂದ ಬಂತು ಅಂತ ಕೇಳೋರು ಮೊದಲು ಇಲ್ಲಿ ನೋಡ್ಬೇಕು.

ಹೊರಗೆ ಹೋದವರಿಗೆ ಬಹಿಷ್ಕಾರ ಹಾಕಿದ್ದೂ ಹಾಗೇ ಇತ್ತು. ಒಂದು ಸಲ ಲೀಗ್ ಆಡಿದವನು, ಕಾಸು ಮುಟ್ಟದೇ ಇದ್ರೂ, ಹಳೆಯ ಆಟಕ್ಕೆ ಆಜೀವ ನಿಷಿದ್ಧ. ಆ ಹಳೆಯ ಆಟ, ಅಂದ್ರೆ ರಗ್ಬಿ ಯೂನಿಯನ್, ತಾನೂ ಬಹಿರಂಗವಾಗಿ ದುಡ್ಡಿಗೆ ಬಾಗಿಲು ತೆರೆದದ್ದು 1995ರ ಆಗಸ್ಟ್‌ನಲ್ಲಿ. ಸರಿಯಾಗಿ ನೂರು ವರ್ಷ. ಫ್ರಾನ್ಸ್‌ನಲ್ಲಂತೂ ಇನ್ನೂ ಘೋರ: ಹಿಟ್ಲರನ ಜೊತೆ ಕೈ ಜೋಡಿಸಿದ ವಿಷಿ ಸರ್ಕಾರ 1941ರ ಡಿಸೆಂಬರಿನಲ್ಲಿ ರಗ್ಬಿ ಲೀಗನ್ನೇ ನಿಷೇಧಿಸಿ ಅದರ ಆಸ್ತಿ ಜಪ್ತಿ ಮಾಡಿತು. ಯುದ್ಧ ಮುಗಿದ ಮೇಲೂ 1991ರವರೆಗೆ ಅಲ್ಲಿ ಆ ಆಟಕ್ಕೆ ರಗ್ಬಿ ಅಂತ ಕರ್ಕೊಳ್ಳೋ ಹಕ್ಕಿರಲಿಲ್ಲ, ‘ಹದಿಮೂರರ ಆಟ’ ಅಂತ ಅನ್ನಬೇಕಿತ್ತು. ಸಿಡ್ನಿಯಲ್ಲೂ ಕಥೆ ಬೇರೆ ಅಲ್ಲ. 1907ರಲ್ಲಿ ಅಲೆಕ್ ಬರ್ಡನ್ ಅನ್ನೋ ದುಡಿಯೋ ಆಟಗಾರ ಗಾಯಗೊಂಡು ಕೆಲಸಕ್ಕೆ ಹೋಗೋಕಾಗದೆ ಕೂತ, ಯೂನಿಯನ್ ಚಿಕ್ಕಾಸು ಕೊಡಲಿಲ್ಲ. ಆಗ ಹೊಸ ಆಟ ಕಟ್ಟೋಕೆ ಜನ ಸೇರ್ತಿದ್ದದ್ದು ಕ್ರಿಕೆಟಿಗ ವಿಕ್ಟರ್ ಟ್ರಂಪರ್ ಅವರ ಅಂಗಡಿಯಲ್ಲಿ. ಹೌದು, ಅದೇ ಟ್ರಂಪರ್.

ಅಮೆರಿಕದ ಕಥೆ ಉಲ್ಟಾ. ಅಲ್ಲಿ ಆಟ ಬೆಳೆದದ್ದು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಥರದ ದೊಡ್ಡ ಮನೆ ಹುಡುಗರ ಕಾಲೇಜುಗಳಲ್ಲಿ. ಯೇಲ್‌ನ ವಾಲ್ಟರ್ ಕ್ಯಾಂಪ್ 1880ರಲ್ಲಿ ಗುಂಪು ಜಗ್ಗಾಟ ತೆಗೆದು, ಎರಡು ತಂಡ ಎದುರುಬದುರು ಸಾಲುಗಟ್ಟಿ ನಿಲ್ಲೋ ಪದ್ಧತಿ ತಂದ, ಆಮೇಲೆ ಗಜದ ಲೆಕ್ಕ ತಂದ. ಒಬ್ಬರ ಮೈಗೆ ಒಬ್ಬರು ಸರಪಳಿ ಕಟ್ಟಿದ ಹಾಗೆ ಹಿಡ್ಕೊಂಡು ಗುದ್ದೋದು ಶುರುವಾಯ್ತು. 1905ರ ಒಂದೇ ಸೀಸನ್‌ನಲ್ಲಿ 18 ಸಾವು ಅಂತ ಪತ್ರಿಕೆಗಳು ಲೆಕ್ಕ ಕೊಟ್ಟವು. ಅಧ್ಯಕ್ಷ ರೂಸ್‌ವೆಲ್ಟ್ ಕಾಲೇಜಿನವರನ್ನ ಶ್ವೇತಭವನಕ್ಕೆ ಕರೆಸಿ ಆಟ ಸರಿಮಾಡಿ ಅಂದ. 1906ರಲ್ಲಿ ಮುಂದಕ್ಕೆ ಎಸೆಯೋ ಪಾಸ್ ಬಂತು. ಅದೇ 1906ರಲ್ಲೇ ಇಂಗ್ಲೆಂಡಿನ ಉತ್ತರದವರು 15 ಜನರನ್ನ 13ಕ್ಕೆ ಇಳಿಸಿ, ಕೆಡವಿದ ಆಟಗಾರ ಎದ್ದು ಕಾಲಿನಿಂದ ಚೆಂಡು ಹಿಂದಕ್ಕೆ ತಳ್ಳೋ ನಿಯಮ ತಂದ್ರು. ಒಂದು ಆಟ ಆಕಾಶಕ್ಕೆ ನೋಡಿತು, ಇನ್ನೊಂದು ಓಡೋದಕ್ಕೆ ಜಾಗ ಮಾಡ್ಕೊಂಡಿತು.

ಈಗ ಗಟ್ಟಿತನ.

1958ರಲ್ಲಿ ಬ್ರಿಸ್ಬೇನ್‌ನಲ್ಲಿ ಬ್ರಿಟನ್ ನಾಯಕ ಅಲನ್ ಪ್ರೆಸ್ಕಾಟ್‌ಗೆ ಆಟ ಶುರುವಾದ ಕೆಲವೇ ನಿಮಿಷಕ್ಕೆ ಕೈ ಮುರೀತು. ಬದಲಿ ಆಟಗಾರ ಅನ್ನೋ ನಿಯಮವೇ ಇಲ್ಲದ ಕಾಲ. ಜೋತಾಡೋ ಕೈಯಲ್ಲೇ ಕೊನೆವರೆಗೂ ಆಡಿದ, ಬ್ರಿಟನ್ 25-18ರಿಂದ ಗೆದ್ದಿತು. 1970ರ ಸಿಡ್ನಿ ಫೈನಲ್‌ನಲ್ಲಿ ಸೌತ್ ಸಿಡ್ನಿಯ ಜಾನ್ ಸ್ಯಾಟ್ಲರ್ ದವಡೆ ಮುರಿದೂ ಮೈದಾನ ಬಿಡಲಿಲ್ಲ. ಆ ಕಡೆ ಅಮೆರಿಕದ ಜ್ಯಾಕ್ ಯಂಗ್‌ಬ್ಲಡ್ 1979ರ ಸೀಸನ್‌ನ ಕೊನೆಯಲ್ಲಿ ಕಾಲಿನ ಮೂಳೆ ಬಿರುಕು ಬಿಟ್ಕೊಂಡೇ ಸೂಪರ್ ಬೌಲ್ ಆಡಿದ. ಕಥೆಗೆ ಕಥೆ ಸಮ, ಇದರಲ್ಲಿ ಯಾರೂ ಗೆಲ್ಲಲ್ಲ.

ಲೆಕ್ಕಕ್ಕೆ ಬಂದ್ರೆ ಬೇರೆ ಚಿತ್ರ. ಎನ್‌ಎಫ್‌ಎಲ್ ಪಂದ್ಯ ಟಿವಿಯಲ್ಲಿ ಮೂರು ಗಂಟೆ ನಡೆದ್ರೂ ಚೆಂಡು ನಿಜವಾಗಿ ಆಟದಲ್ಲಿರೋದು ಸುಮಾರು 11 ನಿಮಿಷ ಅಂತ ವಾಲ್ ಸ್ಟ್ರೀಟ್ ಜರ್ನಲ್ 2010ರಲ್ಲಿ ಲೆಕ್ಕ ಹಾಕಿ ತೋರಿಸಿತ್ತು. ಲೀಗ್‌ನಲ್ಲಿ 80 ನಿಮಿಷದ ಪಂದ್ಯ, ಕೆಡವಿದ ತಕ್ಷಣ ಎದ್ದು ಮತ್ತೆ ಸಾಲಿಗೆ ಓಡಬೇಕು. ಒಬ್ಬೊಬ್ಬ ಫಾರ್ವರ್ಡ್ ಪಂದ್ಯಕ್ಕೆ 30-40 ಟ್ಯಾಕಲ್ ಮಾಡ್ತಾನೆ. ದಮ್ಮಿನ ವಿಷಯದಲ್ಲಿ ಲೀಗೇ ಮೇಲು, ನನಗೆ ಅನುಮಾನ ಇಲ್ಲ. ಆದರೆ ಒಂದೇ ಗುದ್ದಿನ ವಿಷಯಕ್ಕೆ ಬಂದ್ರೆ ಅಮೆರಿಕನ್ ಆಟ ಭಯಂಕರ. 140 ಕೆಜಿ ಆಸುಪಾಸಿನವರು ಎದುರುಬದುರು ನಿಂತು ಪ್ರತಿ ಸಲವೂ ತಲೆಗೆ ತಲೆ ಕೊಡ್ತಾರೆ. ಹೆಲ್ಮೆಟ್ ಇರೋದ್ರಿಂದ ಪೆಟ್ಟು ಕಮ್ಮಿ ಅನ್ನೋದು ಸುಳ್ಳು. 1943ರಲ್ಲಿ ಹೆಲ್ಮೆಟ್ ಕಡ್ಡಾಯ ಆಯ್ತು, ಬರ್ತಾ ಬರ್ತಾ ಆ ಹೆಲ್ಮೆಟ್ಟೇ ಆಯುಧ ಆಯ್ತು. ತಲೆಬುರುಡೆ ಒಡೆಯೋದನ್ನ ಅದು ತಡೀತು, ಒಳಗೆ ಮೆದುಳು ಅಲುಗಾಡೋದನ್ನ ತಡೀಲಿಲ್ಲ.

ಪಿಟ್ಸ್‌ಬರ್ಗ್‌ನ ಮೈಕ್ ವೆಬ್‌ಸ್ಟರ್ ನಾಲ್ಕು ಸೂಪರ್ ಬೌಲ್ ಗೆದ್ದವನು. ಕೊನೆಗಾಲದಲ್ಲಿ ನೆನಪು ಕೆಟ್ಟು, ತನ್ನ ಟ್ರಕ್‌ನಲ್ಲಿ ಮಲಗೋ ಸ್ಥಿತಿಗೆ ಬಂದು 2002ರಲ್ಲಿ 50ನೇ ವಯಸ್ಸಿಗೆ ಸತ್ತ. ಅವನ ಮೆದುಳನ್ನ ಪರೀಕ್ಷೆ ಮಾಡಿ ಪದೇ ಪದೇ ಬಿದ್ದ ಪೆಟ್ಟಿನಿಂದ ಬರೋ ಕಾಯಿಲೆಯನ್ನ ಗುರುತಿಸಿದ್ದು ನೈಜೀರಿಯಾದಿಂದ ಬಂದ ವೈದ್ಯ ಬೆನೆಟ್ ಒಮಾಲು. 2005ರಲ್ಲಿ ಅವರ ಲೇಖನ ಬಂದಾಗ ಅದನ್ನ ವಾಪಸ್ ತಗೋಬೇಕು ಅಂತ ಲೀಗಿನ ವೈದ್ಯರೇ ಕೇಳಿದ್ರು. 2017ರ ಬಾಸ್ಟನ್ ಅಧ್ಯಯನದಲ್ಲಿ ದಾನವಾಗಿ ಬಂದ 111 ಎನ್‌ಎಫ್‌ಎಲ್ ಆಟಗಾರರ ಮೆದುಳುಗಳಲ್ಲಿ 110ರಲ್ಲಿ ಆ ಕಾಯಿಲೆ ಸಿಕ್ಕಿತು. ಅನುಮಾನ ಇದ್ದ ಮನೆಯವರೇ ಹೆಚ್ಚಾಗಿ ದಾನ ಕೊಟ್ಟಿರ್ತಾರೆ, ಅದನ್ನೂ ಗಮನದಲ್ಲಿ ಇಟ್ಕೊಳ್ಳಿ. ಲೀಗ್‌ನವರು ಇದನ್ನ ಓದಿ ನಗೋ ಹಾಗಿಲ್ಲ. ಆಸ್ಟ್ರೇಲಿಯಾದಲ್ಲಿ 2019ರಿಂದ ಈಚೆಗೆ ಅವರ ಆಟಗಾರರ ಮೆದುಳಿನಲ್ಲೂ ಅದೇ ಕಾಯಿಲೆ ಸಿಕ್ಕಿದೆ.

ನನ್ನ ರಕ್ತ ಕುದಿಸಿದ್ದು ಮುಂದಿನದು. ಎನ್‌ಎಫ್‌ಎಲ್ ಮಾಜಿ ಆಟಗಾರರಿಗೆ ಕೋಟ್ಯಂತರ ಡಾಲರಿನ ಪರಿಹಾರ ಒಪ್ಪಂದ ಮಾಡ್ಕೊಂಡಿತಲ್ಲ, ಅದರಲ್ಲಿ ಮೆದುಳಿನ ಹಾನಿ ಅಳೆಯೋವಾಗ ಕಪ್ಪು ಆಟಗಾರರ ಬುದ್ಧಿಶಕ್ತಿ ಮೊದಲೇ ಕಡಿಮೆ ಇತ್ತು ಅಂತ ಹಿಡಿಯೋ ಅಳತೆ ಬಳಸ್ತಿದ್ರು. ಅಂದ್ರೆ ಒಂದೇ ಅಂಕ ಬಂದ ಬಿಳಿಯನಿಗೆ ಪರಿಹಾರ, ಕಪ್ಪು ಮನುಷ್ಯನಿಗೆ ‘ನಿನಗೇನೂ ಆಗಿಲ್ಲ’. ಕೆವಿನ್ ಹೆನ್ರಿ, ನಾಜೆ ಡ್ಯಾವನ್‌ಪೋರ್ಟ್ ಅನ್ನೋ ಇಬ್ಬರು ಮಾಜಿ ಆಟಗಾರರು 2020ರಲ್ಲಿ ಕೋರ್ಟಿಗೆ ಹೋದ್ರು. 2021ರಲ್ಲಿ ಲೀಗ್ ಆ ಅಳತೆ ಬಿಡ್ತೀವಿ ಅಂತ ಒಪ್ಕೊಂಡಿತು. ಮೈ ಗಟ್ಟಿ ಅಂತ ಹೊಗಳಿ ಆಡಿಸಿ, ಮೆದುಳಿಗೆ ಬೆಲೆ ಕಟ್ಟೋವಾಗ ರೇಟು ಇಳಿಸಿದ್ರು.

ಚಾತುರ್ಯದ ಮಾತೂ ಇದಕ್ಕೇ ಅಂಟಿಕೊಂಡಿದೆ. ಅಮೆರಿಕನ್ ಆಟದಲ್ಲಿ ಒಬ್ಬೊಬ್ಬನಿಗೆ ಒಂದೊಂದೇ ಕೆಲಸ. ಕೆಲವರು ಇಡೀ ವೃತ್ತಿಜೀವನದಲ್ಲಿ ಚೆಂಡು ಹಿಡ್ಕೊಂಡು ಓಡೋದೇ ಇಲ್ಲ. ತಲೆ ಓಡಿಸೋನು ಕ್ವಾರ್ಟರ್‌ಬ್ಯಾಕ್. ಎದುರಿನವರ ವ್ಯೂಹ ಓದಿ ಎರಡು-ಮೂರು ಸೆಕೆಂಡಿನಲ್ಲಿ 40 ಗಜ ದೂರ ಓಡ್ತಿರೋನ ಕೈಗೆ ಚೆಂಡು ಮುಟ್ಟಿಸೋದು ಸಾಮಾನ್ಯ ವಿದ್ಯೆ ಅಲ್ಲ. ಕ್ರೀಡೆಯಲ್ಲೇ ಅತಿ ಕಷ್ಟದ ಕೆಲಸಗಳಲ್ಲಿ ಅದೊಂದು ಅಂತ ನಾನು ಒಪ್ತೀನಿ. ಪ್ರಶ್ನೆ ಇರೋದು ಆ ಜಾಗಕ್ಕೆ ಯಾರನ್ನ ಬಿಟ್ರು ಅನ್ನೋದು. ಕೆಲಸ ಹಂಚ್ಕೊಳ್ಳೋದು ಬೇರೆ, ಕೆಲಸಗಾರರನ್ನೇ ವಿಂಗಡಿಸೋದು ಬೇರೆ ಅಂತ ಬಾಬಾಸಾಹೇಬರನ್ನ ಓದಿದವರಿಗೆ ನಾನು ಬಿಡಿಸಿ ಹೇಳ್ಬೇಕಾಗಿಲ್ಲ. 1934ರಿಂದ 1945ರವರೆಗೆ ಎನ್‌ಎಫ್‌ಎಲ್‌ನಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರ ಇರಲಿಲ್ಲ. ಲಿಖಿತ ನಿಯಮ ಇರಲಿಲ್ಲ, ಬಾಯಿಮಾತಿನ ಒಪ್ಪಂದ ಸಾಕಿತ್ತು. 1946ರಲ್ಲಿ ಲಾಸ್ ಏಂಜಲೀಸ್‌ನ ಕಪ್ಪು ಪತ್ರಕರ್ತರು ಜನರ ದುಡ್ಡಲ್ಲಿ ಕಟ್ಟಿದ ಸ್ಟೇಡಿಯಂ ನಿಮಗೆ ಯಾಕೆ ಕೊಡಬೇಕು ಅಂತ ಪಟ್ಟು ಹಿಡಿದ ಮೇಲೆ ಕೆನ್ನಿ ವಾಷಿಂಗ್ಟನ್‌ಗೆ ಬಾಗಿಲು ತೆರೀತು. ವಾಷಿಂಗ್ಟನ್ ತಂಡ 1962ರವರೆಗೂ ಜಗ್ಗಲಿಲ್ಲ, ಕೇಂದ್ರ ಸರ್ಕಾರ ಸ್ಟೇಡಿಯಂ ತೋರಿಸಿ ಹೆದರಿಸಬೇಕಾಯ್ತು. ಒಳಗೆ ಬಂದ ಮೇಲೂ ಕಪ್ಪು ಹುಡುಗರನ್ನ ಓಡೋಕೆ, ಗುದ್ದೋಕೆ ಹಾಕಿದ್ರು, ಕ್ವಾರ್ಟರ್‌ಬ್ಯಾಕ್ ಜಾಗಕ್ಕೆ ಬಿಡಲಿಲ್ಲ. 1968ರಲ್ಲಿ ಡೆನ್ವರ್‌ನಲ್ಲಿ ಮಾರ್ಲಿನ್ ಬ್ರಿಸ್ಕೋ ಆ ಜಾಗದಲ್ಲಿ ಚೆನ್ನಾಗಿ ಆಡಿದ, ಮುಂದಿನ ವರ್ಷ ಜಾಗ ಹೋಯ್ತು. ವಾರೆನ್ ಮೂನ್ 1978ರಲ್ಲಿ ಕೆನಡಾಕ್ಕೆ ಹೋಗಿ ಆಡಬೇಕಾಯ್ತು. 1988ರ ಜನವರಿಯಲ್ಲಿ ಡಗ್ ವಿಲಿಯಮ್ಸ್ ಎರಡನೇ ಕ್ವಾರ್ಟರ್ ಒಂದರಲ್ಲೇ ನಾಲ್ಕು ಟಚ್‌ಡೌನ್ ಪಾಸ್ ಎಸೆದು ಸೂಪರ್ ಬೌಲ್ ಗೆಲ್ಲಿಸಿದ. ಯಾವ ತಂಡಕ್ಕೆ ಗೊತ್ತಾ? ಅದೇ ವಾಷಿಂಗ್ಟನ್‌ಗೆ.

ಲೀಗ್‌ನಲ್ಲಿ 13 ಜನರೂ ಓಡಬೇಕು, ಹಿಡೀಬೇಕು, ಪಾಸ್ ಕೊಡಬೇಕು, ಕೆಡವಬೇಕು. ‘ನೀನು ಬರೀ ಮೈ, ಅವನು ಬರೀ ತಲೆ’ ಅನ್ನೋಕೆ ಆ ಆಟದಲ್ಲಿ ಜಾಗ ಕಮ್ಮಿ. ಕಾರ್ಡಿಫ್ ಬಂದರಿನ ಕೇರಿಯಲ್ಲಿ ಹುಟ್ಟಿದ ಕಪ್ಪು ಹುಡುಗ ಬಿಲ್ಲಿ ಬಾಸ್ಟನ್‌ನ ವಿಗನ್ ಕ್ಲಬ್ 1953ರಲ್ಲಿ 3,000 ಪೌಂಡ್ ಕೊಟ್ಟು ಕರ್ಕೊಂಡು ಹೋಯ್ತು. ಅವನ ತವರು ವೇಲ್ಸ್‌ನ ಯೂನಿಯನ್ ತಂಡ 1980ರ ದಶಕದವರೆಗೆ ಒಬ್ಬ ಕಪ್ಪು ಆಟಗಾರನನ್ನೂ ಆಡಿಸಿರಲಿಲ್ಲ. ಬಾಸ್ಟನ್ 571 ಟ್ರೈ ಹೊಡೆದ. ರಾಯ್ ಫ್ರಾನ್ಸಿಸ್ ಅನ್ನೋ ಕಪ್ಪು ಕೋಚ್ 1956ರಲ್ಲೇ ಹಲ್ ತಂಡಕ್ಕೆ ಚಾಂಪಿಯನ್‌ಶಿಪ್ ತಂದ್ಕೊಟ್ಟ. 1921ರ ಫ್ರಿಟ್ಜ್ ಪೊಲಾರ್ಡ್ ಆದ ಮೇಲೆ ಎನ್‌ಎಫ್‌ಎಲ್‌ಗೆ ಮತ್ತೊಬ್ಬ ಕಪ್ಪು ಮುಖ್ಯ ಕೋಚ್ ಸಿಕ್ಕಿದ್ದು 1989ರಲ್ಲಿ. 1972ರಲ್ಲಿ ಕ್ಲೈವ್ ಸಲಿವನ್ ಬ್ರಿಟನ್ ನಾಯಕನಾಗಿ ವಿಶ್ವಕಪ್ ಎತ್ತಿದ. 1973ರಲ್ಲಿ ಮೂಲನಿವಾಸಿ ಆರ್ಥರ್ ಬೀಟ್ಸನ್ ಆಸ್ಟ್ರೇಲಿಯಾ ನಾಯಕನಾದ. ಇದನ್ನ ಸ್ವರ್ಗ ಅಂತ ತಿಳ್ಕೋಬೇಡಿ. 1957ರಲ್ಲಿ ಬ್ರಿಟನ್ ತಂಡ ವರ್ಣಭೇದದ ದಕ್ಷಿಣ ಆಫ್ರಿಕಾಕ್ಕೆ ಪ್ರದರ್ಶನ ಪಂದ್ಯ ಆಡೋಕೆ ಹೋದಾಗ ಬಾಸ್ಟನ್‌ನ ಬಿಟ್ಟು ಹೋಯ್ತು.

ಕೊನೆಗೆ, ಒಂದು ಆಟದವನು ಇನ್ನೊಂದನ್ನ ಆಡಬಲ್ಲನಾ? ಆಸ್ಟ್ರೇಲಿಯಾದ ತಾರೆ ಜ್ಯಾರಿಡ್ ಹೇನ್ 2015ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಎಂಟು ಪಂದ್ಯ ಆಡಿ ವಾಪಸ್ ಬಂದ. ಜೋರ್ಡನ್ ಮಾಯ್ಲಾಟಾ ಅನ್ನೋ ಸಮೋವಾ ಮೂಲದ ಹುಡುಗ ಸೌತ್ ಸಿಡ್ನಿಯ ಯುವ ತಂಡದಲ್ಲಿದ್ದ, ಆಟಕ್ಕೆ ದೇಹ ಜಾಸ್ತಿ ಅನ್ನಿಸಿಕೊಂಡವನು. ಅಮೆರಿಕನ್ ಫುಟ್ಬಾಲ್ ಒಂದು ಪಂದ್ಯವೂ ಆಡದ ಅವನನ್ನ 2018ರಲ್ಲಿ ಫಿಲಡೆಲ್ಫಿಯಾ ಆರಿಸ್ಕೊಂಡಿತು. 2025ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದ ತಂಡದಲ್ಲಿ ಅವನಿದ್ದ, ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್‌ನ ಕಾಯೋ ಜಾಗದಲ್ಲಿ. ಹರ್ಟ್ಸ್ ಕಪ್ಪು ಹುಡುಗ.

ಅದೇ 2025ರ ಜೂನ್‌ನಲ್ಲಿ ಬಿಲ್ಲಿ ಬಾಸ್ಟನ್‌ಗೆ ಸರ್ ಪದವಿ ಸಿಕ್ಕಿತು. ರಗ್ಬಿ ಲೀಗ್ ಆಟಗಾರನೊಬ್ಬನಿಗೆ ಅದು ಸಿಕ್ಕಿದ್ದು 1895ರಿಂದ ಈಚೆಗೆ ಅದೇ ಮೊದಲು. ಅವರಿಗೆ ಆಗ 90 ವರ್ಷ.